ಬಯಲೂರಿನವರು ಬೆಟ್ಟದ ಸೈಕಲ್ ಸವಾರಿಯನ್ನು ಕಲಿಯುವ ಬಗೆ

ನಾವು ವಾಸಿಸುವ ಚೆನ್ನೈ ನಗರವು ಸಮುದ್ರತೀರದ ಬಯಲು. ಈ ಬಯಲು ಎಷ್ಟು ಸಮವಾದುದೆಂಬುದಕ್ಕೆ ಚರಿತ್ರೆಯಲ್ಲಿಯೇ ಒಂದು ಸಾಕ್ಷ್ಯವುಂಟು. 1802ನೆಯ ಇಸವಿಯ ಏಪ್ರಿಲ್ ತಿಂಗಳಿನಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿಯು ಭಾರತದೇಶವನ್ನು ತ್ರಿಕೋನಗಳ ಮೂಲಕ ಅಳೆಯುವ ಮಹಾಕಾರ್ಯವನ್ನು ಆರಂಭಿಸಿದಾಗ, ತನ್ನ ಮೊದಲನೆಯ ಆಧಾರರೇಖೆಯನ್ನು ಹಾಕಿದುದು ಪರಂಗಿಮಲೈ ಎಂಬ ಗುಡ್ಡದ ಸಮೀಪದಲ್ಲಿ. ಸುಮಾರು ಏಳೂವರೆ ಮೈಲಿ ಉದ್ದದ ಆ ರೇಖೆಯನ್ನು ಉಕ್ಕಿನ ಸರಪಳಿಯಿಂದ ನೆಲದ ಮೇಲೆ ಅಳೆಯಬೇಕಾಗಿದ್ದುದರಿಂದ, ಅವನಿಗೆ ಏರುತಗ್ಗುಗಳಿಲ್ಲದ ನೆಲವೇ ಬೇಕಾಗಿತ್ತು. ಲ್ಯಾಂಬ್ಟನ್ನನಿಗೆ ಅನುಕೂಲವಾದ ಈ ಗುಣವೇ ಬೆಟ್ಟವನ್ನು ಹತ್ತಬೇಕೆಂಬ ಹಂಬಲವುಳ್ಳ ಸೈಕಲ್ ಸವಾರನಿಗೆ ಕೊರತೆಯಾಗಿ ಕಾಣುತ್ತದೆ.

ರಜೆಯಲ್ಲಿ ಬೆಂಗಳೂರಿಗೋ ಮಲೆನಾಡಿಗೋ ಹೋಗಿಬಂದ ನಮ್ಮ ವಿದ್ಯಾರ್ಥಿಗಳು ಅಲ್ಲಿಯ ನೆಂಟರ ಮಕ್ಕಳ ಸಾಹಸವನ್ನು ವರ್ಣಿಸುವುದುಂಟು. ಒಬ್ಬನು ಸೈಕಲ್ಲಿನಲ್ಲಿ ನಂದಿಬೆಟ್ಟವನ್ನು ಹತ್ತಿದನಂತೆ. ಮತ್ತೊಬ್ಬಳು ಕಾಫಿತೋಟದ ಕಾಲುದಾರಿಯಲ್ಲಿ ಬೇರುಕಲ್ಲುಗಳ ಮೇಲೆಯೇ ಸೈಕಲ್ಲನ್ನು ಇಳಿಸಿಕೊಂಡು ಬಂದಳಂತೆ. “ನಮ್ಮೂರಿನಲ್ಲಿ ಬೆಟ್ಟವೆಲ್ಲಿದೆ?” ಎಂದು ಹೇಳಿ ಇವರು ನಿಟ್ಟುಸಿರುಬಿಡುತ್ತಾರೆ. ಈ ಶಾಲೆಯಲ್ಲಿ ಓದುತ್ತಿದ್ದಾಗ ನಾನೂ ಹಾಗೆ ನಿಟ್ಟುಸಿರುಬಿಟ್ಟವನೇ. ಬೆಟ್ಟಕ್ಕೆ ಬೇಕಾದ ಸಿದ್ಧತೆಯಲ್ಲಿ ಮುಕ್ಕಾಲುಪಾಲನ್ನು ಬಯಲಿನಲ್ಲಿಯೇ ಮಾಡಿಕೊಳ್ಳಬಹುದೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ, ಅದೂ ಮೊಣಕಾಲು ಕೆತ್ತಿಹೋದ ಮೇಲೆ. ಆ ಸಂಗತಿಯನ್ನು ಮುಂದೆ ಹೇಳುವೆನು.

ಬೆಟ್ಟದ ಸೈಕಲ್ಲು ಹುಟ್ಟಿದ ಕಥೆಯು ಸ್ವಾರಸ್ಯವಾಗಿದೆ. ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಮರಿನ್ ಎಂಬಲ್ಲಿ ಕೆಲವು ತರುಣರು 1930ರ ದಶಕದ ಹಳೆಯ, ದಪ್ಪ ಟೈರಿನ, ಭಾರವಾದ ಸೈಕಲ್ಲುಗಳನ್ನು ಗುಜರಿಯಿಂದ ಆಯ್ದು ತಂದು, ಕಾಡಿನ ಮಣ್ಣುದಾರಿಗಳಲ್ಲಿ ಇಳಿಸತೊಡಗಿದರು. 1976ನೆಯ ಇಸವಿಯ ಅಕ್ಟೋಬರಿನಲ್ಲಿ ಅವರು ಒಂದು ಇಳಿಜಾರಿನಲ್ಲಿ ಪಂದ್ಯವನ್ನೇ ಏರ್ಪಡಿಸಿದರು. ಎರಡು ಮೈಲಿಗಳ ಒಳಗಾಗಿ ಸಾವಿರದ ಮುನ್ನೂರು ಅಡಿಗಳಷ್ಟು ಇಳಿಯುವ ಆ ದಾರಿಗೆ ‘ರೀಪ್ಯಾಕ್’ ಎಂದು ಹೆಸರಾಯಿತು. ಏಕೆಂದರೆ, ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವಂಥ ಆ ಕಾಲದ ಬ್ರೇಕಿನೊಳಗಿನ ಗ್ರೀಸು ಒಂದೇ ಇಳಿತದಲ್ಲಿ ಕಾದು ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಇಳಿಯಬೇಕಾದರೆ ಗಾಲಿಯ ಗುಂಬವನ್ನು ಬಿಚ್ಚಿ ಹೊಸದಾಗಿ ಗ್ರೀಸನ್ನು ತುಂಬಬೇಕಾಗಿತ್ತು. ಅವರಲ್ಲೊಬ್ಬನಾದ ಜೋ ಬ್ರೀಜ್ ಎಂಬಾತನು 1977ರಲ್ಲಿ ಈ ಕೆಲಸಕ್ಕೆಂದೇ ಹೊಸ ಚೌಕಟ್ಟನ್ನು ಬೆಸೆದನು. ಅಲ್ಲಿಂದ ಇಪ್ಪತ್ತು ವರ್ಷ ಕಳೆಯುವುದರೊಳಗೆ, 1996ರ ಅಟ್ಲಾಂಟಾ ಒಲಿಂಪಿಕ್ ಕ್ರೀಡೆಗಳಲ್ಲಿ ಈ ಸವಾರಿಗೂ ಸ್ಥಾನ ದೊರೆಯಿತು. ಗುಜರಿಯ ಸೈಕಲ್ಲಿನಿಂದ ಮೊದಲಾದ ವಿದ್ಯೆ ಇದೆಂಬುದನ್ನು, ಬೆಲೆಬಾಳುವ ಸೈಕಲ್ಲಿಲ್ಲವೆಂದು ಕೊರಗುವವರು ನೆನೆಯಬೇಕು.

ನಮ್ಮ ನಗರಕ್ಕೂ ಸೈಕಲ್ಲಿಗೂ ಹಳೆಯ ನಂಟಿದೆ. 1949ರಲ್ಲಿ ಸ್ಥಾಪಿತವಾದ ಟಿ.ಐ. ಸೈಕಲ್ಸ್ ಸಂಸ್ಥೆಯ ಕಾರ್ಖಾನೆಯು ಅಂಬತ್ತೂರಿನಲ್ಲಿ ನೆಲೆಯೂರಿ, ಹರ್ಕ್ಯುಲಿಸ್ ಸೈಕಲ್ಲುಗಳನ್ನು ದೇಶಕ್ಕೆಲ್ಲ ಕಳುಹಿಸಿತು. ಹಾಲಿನವರೂ ಅಂಚೆಯವರೂ ಏರುತ್ತಿದ್ದ ಆ ಹಳೆಯ ಮಾದರಿಯ ಸೈಕಲ್ಲಿಗೂ ಬೆಟ್ಟದ ಸೈಕಲ್ಲಿಗೂ ಇರುವ ಮುಖ್ಯ ಭೇದವು ಟೈರಿನಲ್ಲಿದೆಯೆಂದು ಹಲವರು ಭಾವಿಸುವರು. ಟೈರು ದಪ್ಪವೇನೋ ಹೌದು. ಆದರೆ ನಿಜವಾದ ಭೇದವು ಹಲ್ಲುಚಕ್ರಗಳಲ್ಲಿದೆ. ಹಳೆಯ ಸೈಕಲ್ಲಿನಲ್ಲಿ ಮುಂದೆ 44 ಹಲ್ಲುಗಳ ಚಕ್ರವೂ ಹಿಂದೆ 18 ಹಲ್ಲುಗಳ ಚಕ್ರವೂ ಇವೆಯೆನ್ನೋಣ. ಪೆಡಲು ಒಂದು ಸುತ್ತು ಬಂದರೆ ಹಿಂದಿನ ಗಾಲಿಯು ಸುಮಾರು ಎರಡೂವರೆ ಸುತ್ತು ತಿರುಗಿ, ಸೈಕಲ್ಲು ಐದು ಮೀಟರಿಗೂ ಹೆಚ್ಚು ಮುಂದಕ್ಕೆ ಸಾಗುವುದು. ಬೆಟ್ಟದ ಸೈಕಲ್ಲಿನ ಅತಿ ಕೆಳಗಿನ ಗೇರಿನಲ್ಲಿ ಮುಂದೆ 24, ಹಿಂದೆ 32 ಹಲ್ಲುಗಳಿರಬಹುದು. ಅಲ್ಲಿ ಪೆಡಲಿನ ಒಂದು ಸುತ್ತಿಗೆ ಗಾಲಿಯು ಮುಕ್ಕಾಲು ಸುತ್ತು ಮಾತ್ರ ತಿರುಗಿ, ಸೈಕಲ್ಲು ಒಂದೂವರೆ ಮೀಟರಿನಷ್ಟು ಸಾಗುವುದು. ದಾರಿ ಕಡಿಮೆಯಾಯಿತು, ಅದೇ ಪ್ರಮಾಣದಲ್ಲಿ ಕಾಲಿನ ಮೇಲಿನ ಭಾರವೂ ಕಡಿಮೆಯಾಯಿತು. ವಿಜ್ಞಾನದ ತರಗತಿಯಲ್ಲಿ ಸನ್ನೆಕೋಲಿನ ಪಾಠವನ್ನು ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಬೆಟ್ಟದ ಲೆಕ್ಕವನ್ನೇ ಮಾಡಿನೋಡೋಣ. ಪರಂಗಿಮಲೈ, ಎಂದರೆ ಸಂತ ಥಾಮಸರ ಬೆಟ್ಟವು, ಸಮುದ್ರಮಟ್ಟದಿಂದ ಸುಮಾರು 300 ಅಡಿಗಳಷ್ಟು ಎತ್ತರವಿದೆ. ತಪ್ಪಲಿನಿಂದ ತುದಿಗೆ ನಾವು ಏರುವುದು 75 ಮೀಟರೆಂದು ಇಟ್ಟುಕೊಳ್ಳೋಣ. ವಿದ್ಯಾರ್ಥಿಯ ತೂಕ 45 ಕಿಲೋಗ್ರಾಂ, ಸೈಕಲ್ಲಿನದು 15, ಒಟ್ಟು 60. ಇಷ್ಟು ಭಾರವನ್ನು 75 ಮೀಟರು ಎತ್ತಲು ಬೇಕಾದ ಕೆಲಸವು 60ನ್ನು 9.8ರಿಂದಲೂ 75ರಿಂದಲೂ ಗುಣಿಸಿದಾಗ ಬರುವ 44,100 ಜೂಲುಗಳು. ಇದನ್ನು ಐದು ನಿಮಿಷಗಳಲ್ಲಿ ಮಾಡಿದರೆ ಕಾಲುಗಳು 147 ವ್ಯಾಟಿನ ಶಕ್ತಿಯನ್ನು ಬಿಡದೆ ಒದಗಿಸಬೇಕು. ಅಭ್ಯಾಸವಿಲ್ಲದ ಹುಡುಗನಿಗೆ ಇದು ಸುಲಭವಲ್ಲ. ಹತ್ತು ನಿಮಿಷ ತೆಗೆದುಕೊಂಡರೆ ಸಾಕಾಗುವುದು 73 ಅಥವಾ 74 ವ್ಯಾಟು ಮಾತ್ರ. ಇದನ್ನು ಆರೋಗ್ಯವಂತರಾದ ಬಹುಮಂದಿ ವಿದ್ಯಾರ್ಥಿಗಳು ಒದಗಿಸಬಲ್ಲರು. ಬೆಟ್ಟ ಅದೇ, ಭಾರ ಅದೇ, ಕೆಲಸವೂ ಅದೇ. ನಿಧಾನವಾಗಿ ಹೋಗಲು ಒಪ್ಪಿದವನಿಗೆ ಬೆಟ್ಟವು ಅರ್ಧಕ್ಕರ್ಧ ತಗ್ಗಿತು. ಹಾಗೆ ನಿಧಾನವಾಗಿ ಹೋದರೂ ಸೈಕಲ್ಲು ನಿಲ್ಲದಂತೆ ಕಾಲು ಆಡುತ್ತಿರಲೆಂದೇ ಆ ಕೆಳಗಿನ ಗೇರು ಇರುವುದು. ಇನ್ನೊಂದು ಮಾತು: ದೇಹವು ತಿಂದ ಆಹಾರದಲ್ಲಿ ಕಾಲುಭಾಗಕ್ಕಿಂತಲೂ ಕಡಿಮೆಯನ್ನೇ ಇಂಥ ಕೆಲಸವಾಗಿ ಮಾರ್ಪಡಿಸುವುದಾದರೂ, ಪರಂಗಿಮಲೈಯನ್ನು ಒಮ್ಮೆ ಏರುವುದಕ್ಕೆ ತಗಲುವ ಆಹಾರವು ಹೆಚ್ಚುಕಡಿಮೆ ಒಂದು ಇಡ್ಲಿ. ಉಡುಪಿಯವರು ಈ ನಗರಕ್ಕೆ ಬಡಿಸಿದ ಇಡ್ಲಿಗಳಿಂದ ಎಷ್ಟು ಬೆಟ್ಟಗಳನ್ನು ಏರಬಹುದಾಗಿತ್ತೆಂದು ಲೆಕ್ಕ ಹಾಕುವ ಕೆಲಸವನ್ನು ಗಣಿತಪ್ರಿಯರಿಗೆ ಬಿಡುತ್ತೇನೆ.

ಹಾಗಾದರೆ ಏರುವಾಗ ಎದೆ ಬಡಿದುಕೊಂಡು ಉಸಿರು ಕಟ್ಟುವುದೇಕೆ? ಹೊಸಬರು ಬೆಟ್ಟದ ಬುಡದಲ್ಲಿಯೇ ಇದ್ದ ಶಕ್ತಿಯನ್ನೆಲ್ಲ ಸುರಿದುಬಿಡುತ್ತಾರೆ. ಸ್ನಾಯುಗಳಿಗೆ ಬೇಕಾದಷ್ಟು ಪ್ರಾಣವಾಯುವನ್ನು ಶ್ವಾಸಕೋಶವೂ ಹೃದಯವೂ ಒದಗಿಸಲಾರದೆ ಹೋಗುತ್ತವೆ, ತೊಡೆಗಳು ಉರಿಯತೊಡಗುತ್ತವೆ. ಇದನ್ನು ಅಳೆಯಲು ಯಂತ್ರವೇನೂ ಬೇಡ. ಏರುತ್ತಿರುವಾಗ ಪಕ್ಕದ ಗೆಳೆಯನೊಂದಿಗೆ ಒಂದು ಪೂರ್ಣ ವಾಕ್ಯವನ್ನು ತಡೆಯಿಲ್ಲದೆ ಆಡಲು ಸಾಧ್ಯವಾದರೆ ವೇಗವು ಸರಿಯಾಗಿದೆ. ಒಂದೊಂದೇ ಪದವಾಗಿ ಮಾತು ತುಂಡಾಗುತ್ತಿದ್ದರೆ ಅಧಿಕವಾಯಿತೆಂದು ತಿಳಿಯಬೇಕು. ವಾರಕ್ಕೆ ಮೂರು ದಿನ, ಅರ್ಧ ಗಂಟೆಯಂತೆ ಹೀಗೆ ಮಾತನಾಡಬಹುದಾದ ವೇಗದಲ್ಲಿಯೇ ಸವಾರಿ ಮಾಡಿದರೆ ಆರೆಂಟು ವಾರಗಳಲ್ಲಿ ಹೃದಯವು ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ತಳ್ಳಲು ಕಲಿಯುತ್ತದೆ. ಒಂದು ವಾರದಿಂದ ಇನ್ನೊಂದು ವಾರಕ್ಕೆ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಏರಿಸದಿರುವುದು ಮೇಲು. ಮೊಣಕಾಲಿನ ಕೀಲುಗಳು ಹೃದಯದಷ್ಟು ಬೇಗನೆ ಪಳಗುವುದಿಲ್ಲ.

ಬಯಲಿನಲ್ಲಿ ಬೆಟ್ಟದಂತಹ ಎದುರಾಳಿಯನ್ನು ಎಲ್ಲಿಂದ ತರುವುದು? ಅದನ್ನು ಸಮುದ್ರವೇ ನಮಗೆ ಕಳುಹಿಸುತ್ತಿದೆ. ಬೇಸಿಗೆಯ ಮಧ್ಯಾಹ್ನ ನೆಲವು ಕಾದ ಮೇಲೆ ಬೀಸುವ ಕಡಲಗಾಳಿಯನ್ನು ಅರಿಯದವರು ಈ ಊರಿನಲ್ಲಿಲ್ಲ. ಗಾಳಿಯ ತಡೆಯು, ನಮಗೆ ಅದು ಬಂದು ಬಡಿಯುವ ವೇಗದ ವರ್ಗಕ್ಕೆ ಅನುಸಾರವಾಗಿ ಹೆಚ್ಚುತ್ತದೆ. ಗಂಟೆಗೆ 15 ಕಿಲೋಮೀಟರಿನಂತೆ ಸಾಗುವವನಿಗೆ ಅಷ್ಟೇ ವೇಗದ ಗಾಳಿಯು ಎದುರಾದರೆ ಅದರ ತಡೆಯು ನಾಲ್ಕು ಮಡಿಯಾಗುವುದು. ಆಗ ಹಟದಿಂದ ತುಳಿಯದೆ ಗೇರನ್ನು ಇಳಿಸಿ, ಮೈಯನ್ನು ತಗ್ಗಿಸಿ, ಕಾಲುಗಳನ್ನು ಹಗುರಾಗಿ ಆಡಿಸುತ್ತ ಹೋಗುವುದನ್ನು ಕಲಿತವನು ಬೆಟ್ಟದ ಅರ್ಧ ಪಾಠವನ್ನು ಕಲಿತಂತೆಯೇ. ವ್ಯತ್ಯಾಸವಿಷ್ಟೆ: ಬೆಟ್ಟಕ್ಕೆ ತುದಿಯೊಂದಿದೆ, ಗಾಳಿಗೆ ಅದೂ ಇಲ್ಲ.

ಕಾಲುಗಳ ಬಲಕ್ಕೆ ನಮ್ಮ ಗರಡಿಮನೆಯ ಬಸ್ಕಿಗಿಂತ ಮೇಲಾದ ವ್ಯಾಯಾಮವನ್ನು ನಾನು ಕಂಡಿಲ್ಲ. ಇಳಿಜಾರಿನಲ್ಲಿ ಮೈಯ ಭಾರವನ್ನು ತೋಳುಗಳು ಹೊರಬೇಕಾಗುವುದರಿಂದ ದಂಡವೂ ಅಗತ್ಯ. ವಿದೇಶದ ತರಬೇತಿದಾರರು ತಮ್ಮ ಸವಾರರಿಂದ ಮಾಡಿಸುವುದೂ ಬೇರೆ ಬೇರೆ ಹೆಸರುಗಳಿಂದ ಇವೆರಡನ್ನೇ.

ಇನ್ನು ಸಮತೋಲದ ವಿಷಯ. ಶಾಲೆಯ ಕ್ರೀಡಾದಿನದಲ್ಲಿ ನಡೆಯುವ ನಿಧಾನ ಸೈಕಲ್ ಸ್ಪರ್ಧೆಯನ್ನು ನೋಡಿ ನಾವೆಲ್ಲರೂ ನಕ್ಕಿದ್ದೇವೆ. ಕಟ್ಟಕಡೆಗೆ ಬರುವವನೇ ಗೆಲ್ಲುವ ಈ ಪಂದ್ಯವನ್ನು ವಿನೋದವೆಂದೇ ಎಣಿಸುತ್ತೇವೆ. ಆದರೆ ಬೆಟ್ಟದ ಸವಾರಿಗೆ ಇದಕ್ಕಿಂತ ಒಳ್ಳೆಯ ಪೂರ್ವಾಭ್ಯಾಸವಿಲ್ಲ. ವೇಗವಾಗಿ ಹೋಗುವ ಸೈಕಲ್ಲು ತನ್ನನ್ನು ತಾನೇ ಬಹುಮಟ್ಟಿಗೆ ನಿಲ್ಲಿಸಿಕೊಳ್ಳುತ್ತದೆ. ನಡಿಗೆಗಿಂತ ನಿಧಾನವಾದಾಗ ಅದನ್ನು ನಿಲ್ಲಿಸುವ ಹೊಣೆ ಸವಾರನದಾಗುತ್ತದೆ. ಕಡಿದಾದ ಏರಿನಲ್ಲಿ ಸೈಕಲ್ಲು ತೆವಳುವಾಗಲೂ, ಕಲ್ಲುಗಳ ನಡುವೆ ದಾರಿಯನ್ನು ಹುಡುಕುವಾಗಲೂ ಬೇಕಾಗುವುದು ಈ ವಿದ್ಯೆಯೇ. ಶಾಲೆಯ ಮೈದಾನದಲ್ಲಿ ಎರಡು ಇಟ್ಟಿಗೆಗಳ ನಡುವೆ ನಿಧಾನವಾಗಿ ತೂರುವುದನ್ನೂ, ಎಂಟರ ಆಕಾರದಲ್ಲಿ ಸುತ್ತುವುದನ್ನೂ, ಗೆರೆಯ ಮೇಲೆ ಮುಂದಿನ ಗಾಲಿಯು ಸರಿಯಾಗಿ ನಿಲ್ಲುವಂತೆ ಬ್ರೇಕು ಹಿಡಿಯುವುದನ್ನೂ ಅಭ್ಯಾಸಮಾಡಿರಿ. ಇದನ್ನು ಮಾಡುವಾಗ ಬಿದ್ದರೂ ಬೀಳುವುದು ಮಣ್ಣಿನ ಮೇಲೆ, ಅದೂ ಮೆಲ್ಲಗೆ. ಕಡಲತೀರದ ಒದ್ದೆಮರಳಿನ ಅಂಚಿನಲ್ಲಿ ಗಾಲಿಯು ಹೇಗೆ ಜಾರುತ್ತದೆಂಬುದನ್ನು ನೋಡುವುದೂ ಒಳ್ಳೆಯದೇ; ಮನೆಗೆ ಬಂದೊಡನೆ ಉಪ್ಪುನೀರನ್ನು ತೊಳೆದು ಸರಪಳಿಗೆ ಎಣ್ಣೆ ಹಾಕದಿದ್ದರೆ ಮಾತ್ರ ಅದು ವಾರದೊಳಗೆ ತುಕ್ಕುಹಿಡಿಯುವುದು.

ಈಗ ನನ್ನ ಕಥೆ. ಹದಿನಾಲ್ಕನೆಯ ವಯಸ್ಸಿನಲ್ಲಿ, ಯಾವ ಸಿದ್ಧತೆಯೂ ಇಲ್ಲದೆ, ಇಬ್ಬರು ಗೆಳೆಯರೊಂದಿಗೆ ನಾನು ಪರಂಗಿಮಲೈಗೆ ಹೋದೆನು. ಬೆಟ್ಟದ ಮೇಲಕ್ಕೆ ಯಾತ್ರಿಕರ ಮೆಟ್ಟಿಲುಗಳಲ್ಲದೆ ವಾಹನಗಳು ಹೋಗುವ ರಸ್ತೆಯೂ ಇದೆ. ಅರ್ಧದಾರಿಯಲ್ಲಿ ನನ್ನ ಉಸಿರು ನಿಂತಂತಾಯಿತು. ಇಳಿದು ತಳ್ಳಿದರೆ ನಗುವರೆಂಬ ನಾಚಿಕೆಯಿಂದ, ಕಣ್ಣು ಕತ್ತಲೆ ಬರುವವರೆಗೂ ತುಳಿದು ತುದಿಯನ್ನು ಮುಟ್ಟಿದೆನು. ಅಲ್ಲಿಂದ ಮೀನಂಬಾಕ್ಕದ ವಿಮಾನನಿಲ್ದಾಣವೂ, ಅದರಾಚೆಗಿನ ಗುಡ್ಡಗಳೂ ಕಾಣುತ್ತವೆಂದು ಎಲ್ಲರೂ ಹೇಳುತ್ತಾರೆ. ನನಗೆ ಆ ದಿನ ಏನೂ ಕಾಣಲಿಲ್ಲ. ಕಾಲುಗಳು ನಡುಗುತ್ತಿರುವಾಗಲೇ ಇಳಿಯತೊಡಗಿದೆನು. ಮೊದಲನೆಯ ತಿರುವಿನಲ್ಲಿ ವೇಗವು ಮಿತಿಮೀರಿತೆಂಬ ಭಯವು ಹುಟ್ಟಿ, ತಿರುವಿನ ನಡುಮಧ್ಯದಲ್ಲಿ ಮುಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದುಬಿಟ್ಟೆನು. ದಾರಿಯ ಅಂಚಿನಲ್ಲಿದ್ದ ಜಲ್ಲಿಯ ಮೇಲೆ ಗಾಲಿಯು ಜಾರಿತು. ಗಾಯವು ಮೂರು ವಾರಗಳಲ್ಲಿ ಮಾಯಿತು; ಭಯವು ಒಂದು ವರ್ಷವಾದರೂ ಮಾಯಲಿಲ್ಲ. ಸೇತುವೆಯ ಇಳಿಜಾರನ್ನು ಕಂಡರೂ ಸೈಕಲ್ಲಿನಿಂದ ಇಳಿದು ನಡೆಯುತ್ತಿದ್ದೆನು.

ನನ್ನ ತಪ್ಪುಗಳು ಯಾವುವೆಂಬುದನ್ನು ಇಂದು ಒಂದೊಂದಾಗಿ ಹೇಳಬಲ್ಲೆನು. ಇಳಿಜಾರಿನಲ್ಲಿ ಬ್ರೇಕು ಹಿಡಿದಾಗ ಮೈಯ ಭಾರವೆಲ್ಲ ಮುಂದಿನ ಗಾಲಿಗೆ ವರ್ಗವಾಗುತ್ತದೆ. ಆದುದರಿಂದ ಸೈಕಲ್ಲನ್ನು ನಿಲ್ಲಿಸುವ ಸಾಮರ್ಥ್ಯವು ಮುಂದಿನ ಬ್ರೇಕಿಗೇ ಹೆಚ್ಚು. ಅಪಾಯವೂ ಅದರಲ್ಲಿಯೇ ಹೆಚ್ಚು. ಗಾಲಿಯು ನೆಲವನ್ನು ಹಿಡಿಯುವ ಶಕ್ತಿಗೆ ಒಂದು ಮಿತಿಯಿದೆ. ತಿರುಗುವುದಕ್ಕೂ ನಿಲ್ಲುವುದಕ್ಕೂ ಆ ಒಂದೇ ಶಕ್ತಿಯನ್ನು ಹಂಚಬೇಕು. ನಾನು ತಿರುವಿನಲ್ಲಿ ಎರಡನ್ನೂ ಒಮ್ಮೆಗೇ ಬೇಡಿದೆನು. ಜಲ್ಲಿಯ ಮೇಲೆ ಅದಕ್ಕೆ ಎರಡನ್ನೂ ಕೊಡಲಾಗಲಿಲ್ಲ. ವೇಗವನ್ನು ತಿರುವಿಗೆ ಮೊದಲೇ, ಸೈಕಲ್ಲು ನೇರವಾಗಿರುವಾಗಲೇ, ಎರಡು ಬ್ರೇಕುಗಳನ್ನೂ ಹಂತಹಂತವಾಗಿ ಒತ್ತಿ ಕಳೆದುಕೊಳ್ಳಬೇಕು. ತಿರುವಿನೊಳಗೆ ಬ್ರೇಕನ್ನು ಸಡಿಲಿಸಬೇಕು. ಆಸನದ ಮೇಲೆ ಕಲ್ಲಿನಂತೆ ಕುಳಿತದ್ದು ಇನ್ನೊಂದು ತಪ್ಪು. ಇಳಿಯುವಾಗ ಆಸನವನ್ನು ಎರಡು ಅಂಗುಲ ತಗ್ಗಿಸಿ, ಎರಡು ಪೆಡಲುಗಳನ್ನೂ ನೆಲಕ್ಕೆ ಸಮನಾಗಿರಿಸಿ, ಅವುಗಳ ಮೇಲೆ ಅರೆನಿಂತು, ಸೊಂಟವನ್ನು ಹಿಂದಕ್ಕೆ ಸರಿಸಿ, ಮೊಣಕೈಗಳನ್ನು ಮಡಿಸಿಕೊಂಡಿದ್ದರೆ ನೆಲದ ಕುಲುಕಾಟವನ್ನು ಕೈಕಾಲುಗಳು ನುಂಗುತ್ತವೆ. ಮೂರನೆಯದು ದೃಷ್ಟಿಯ ತಪ್ಪು. ನಾನು ಜಲ್ಲಿಯನ್ನೇ ನೋಡುತ್ತಿದ್ದೆನು. ಸೈಕಲ್ಲು ಜಲ್ಲಿಗೇ ಹೋಯಿತು. ಕಣ್ಣು ಹೋದಲ್ಲಿಗೆ ತಲೆಯೂ ಹೆಗಲೂ ತಿರುಗಿ, ಕೈ ಅದನ್ನು ಅನುಸರಿಸುತ್ತದೆ. ಆದುದರಿಂದ ತಪ್ಪಿಸಬೇಕಾದುದನ್ನು ಒಮ್ಮೆ ಕಂಡು ಬಿಟ್ಟುಬಿಡಬೇಕು; ಹೋಗಬೇಕಾದ ಕಡೆಗೆ ನೋಡಬೇಕು. ಇವೆಲ್ಲಕ್ಕಿಂತ ದೊಡ್ಡ ತಪ್ಪು, ದಣಿದ ದೇಹದಿಂದ ಇಳಿಯತೊಡಗಿದುದು. ಶಿರಸ್ತ್ರಾಣವನ್ನು ಆ ದಿನ ನಾನು ಧರಿಸಿರಲಿಲ್ಲ. ತಲೆಗೆ ಏಟಾಗದಿದ್ದುದು ಕೇವಲ ಅದೃಷ್ಟ.

ನನ್ನ ಭಯವನ್ನು ಬಿಡಿಸಿದವರು ಸೋದರಮಾವನವರು. ಅವರು ಧೈರ್ಯದ ಮಾತನ್ನೇನೂ ಆಡಲಿಲ್ಲ. ಭಾನುವಾರ ಬೆಳಗ್ಗೆ ಬೆಟ್ಟದ ಬುಡಕ್ಕೆ ಕರೆದುಕೊಂಡು ಹೋಗಿ, ಐವತ್ತು ಹೆಜ್ಜೆಗಳಷ್ಟು ಸೈಕಲ್ಲನ್ನು ತಳ್ಳಿಕೊಂಡು ಏರಿ, ಅಲ್ಲಿಂದ ಇಳಿದು, ತಾವು ಹೇಳಿದ ಮರದ ಬಳಿ ನಿಲ್ಲಿಸೆಂದರು. ಮರವನ್ನು ದಾಟಿ ನಿಂತರೆ ಮತ್ತೆ ಅಷ್ಟೇ ದೂರ. ಸರಿಯಾಗಿ ಮರದ ಬಳಿಯೇ ನಿಂತರೆ ಇನ್ನು ಇಪ್ಪತ್ತು ಹೆಜ್ಜೆ ಮೇಲಿನಿಂದ. ತುದಿಯನ್ನು ಮುಟ್ಟಿ ಅಲ್ಲಿಂದ ಇಳಿಯಲು ಐದು ಭಾನುವಾರಗಳು ಹಿಡಿದವು. ಆತ್ಮವಿಶ್ವಾಸವೆಂಬುದು ಅದೃಷ್ಟವಂತರಿಗೆ ಹುಟ್ಟಿನಿಂದಲೇ ಬರುವ ಗುಣವೆಂದು ನಾನು ತಿಳಿದಿದ್ದೆನು. ಬೇಕಾದಲ್ಲಿ ಸೈಕಲ್ಲನ್ನು ನಿಲ್ಲಿಸಬಲ್ಲೆನೆಂಬ ಅನುಭವವು ಕೈಗೆ ಎಷ್ಟು ಸಲ ದೊರೆಯಿತೋ ಅಷ್ಟೇ ಪ್ರಮಾಣದಲ್ಲಿ ಅದು ಬೆಳೆಯುವುದನ್ನು ಆ ಐದು ವಾರಗಳಲ್ಲಿ ಕಂಡೆನು. ಏರುವಾಗ ಆಯಾಸವಾದರೆ ಇಳಿದು ತಳ್ಳುವುದರಲ್ಲಿ ಅವಮಾನವೇನೂ ಇಲ್ಲವೆಂದು ಅವರು ಹೇಳಿದುದನ್ನೂ ಇಲ್ಲಿ ಬರೆಯಬೇಕು. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಕೂಡ ಸವಾರರು ಕಡಿದಾದ ಕೆಸರುದಾರಿಯಲ್ಲಿ ಸೈಕಲ್ಲಿನಿಂದ ಇಳಿದು ಓಡುವುದನ್ನು ನಾನು ಚಲಚ್ಚಿತ್ರಗಳಲ್ಲಿ ನೋಡಿದ್ದೇನೆ.

ನಮ್ಮ ಹವೆಯ ವಿಷಯದಲ್ಲಿ ಒಂದೆರಡು ಮಾತು. ಚೆನ್ನೈಯ ಗಾಳಿಯಲ್ಲಿ ತೇವವು ಅಧಿಕವಾಗಿರುವುದರಿಂದ ಬೆವರು ಹರಿಯುತ್ತದೆಯೇ ಹೊರತು ಬೇಗ ಆರುವುದಿಲ್ಲ. ಬೆವರು ಆರಿದರಲ್ಲವೇ ಮೈ ತಣ್ಣಗಾಗುವುದು? ಹೀಗಾಗಿ ದೇಹದೊಳಗಿನ ಬಿಸಿಯು ಏರುತ್ತಲೇ ಹೋಗುವುದು. ಸೂರ್ಯೋದಯದ ಹೊತ್ತಿಗೆ ಹೊರಟು ಎಂಟು ಗಂಟೆಯೊಳಗೆ ಮನೆಗೆ ಸೇರುವುದೇ ಕ್ಷೇಮ. ನೀರಿನೊಂದಿಗೆ ಉಪ್ಪನ್ನೂ ದೇಹವು ಕಳೆದುಕೊಳ್ಳುವುದರಿಂದ ಉಪ್ಪು ಬೆರೆಸಿದ ಮಜ್ಜಿಗೆಯಾಗಲಿ ನಿಂಬೆಯ ಪಾನಕವಾಗಲಿ ಉತ್ತಮ. ತಲೆ ತಿರುಗಿದರೆ, ಬಿಸಿಲಿನಲ್ಲಿಯೂ ಮೈ ಜುಮ್ಮೆಂದು ಚಳಿಯಾದರೆ, ಆ ಕ್ಷಣವೇ ನಿಲ್ಲಿಸಿ ನೆರಳಿಗೆ ಹೋಗಬೇಕು. ಕತ್ತಿರಿಯ ದಿನಗಳಲ್ಲಂತೂ ಬೆಟ್ಟದ ಮಾತನ್ನೇ ಎತ್ತಬಾರದು. ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಹಿಂಗಾರು ಮಳೆಯಲ್ಲಿ ನಿಂತ ನೀರಿನೊಳಗೆ ಸೈಕಲ್ಲನ್ನು ಇಳಿಸುವುದು ಕೂಡದು; ಕೆಳಗೆ ಗುಂಡಿಯಿದೆಯೋ ತೆರೆದ ಮೋರಿಯಿದೆಯೋ ಯಾರು ಬಲ್ಲರು?

ಪರಂಗಿಮಲೈಯನ್ನು ಮಾತನಾಡುತ್ತಲೇ ಏರಲು ಬಂದ ಮೇಲೆ ಮುಂದಿನ ಪಾಠಶಾಲೆಯು ಬೆಂಗಳೂರಿನ ದಾರಿಯಲ್ಲಿಯೇ ಇದೆ. ರೈಲಿನಲ್ಲಿ ಊರಿಗೆ ಹೋಗುವಾಗ ಜೋಲಾರಪೇಟೆಯ ಸಮೀಪದಲ್ಲಿ ಕಾಣುವ ದೊಡ್ಡ ಬೆಟ್ಟವನ್ನು ನೀವೆಲ್ಲರೂ ನೋಡಿದ್ದೀರಿ. ಅದೇ ಏಲಗಿರಿ. ಅದರ ಮೇಲಿನ ಊರುಗಳು ಸಮುದ್ರಮಟ್ಟದಿಂದ ಸಾವಿರ ಮೀಟರುಗಳಷ್ಟು ಎತ್ತರದಲ್ಲಿವೆ. ಅಲ್ಲಿಗೆ ಹೋಗುವ ಘಾಟಿಯಲ್ಲಿ 14 ಹಿಮ್ಮುರಿ ತಿರುವುಗಳಿದ್ದು, ಅವುಗಳಿಗೆ ತಮಿಳು ಕವಿಗಳ ಮತ್ತು ಪ್ರಾಚೀನ ದಾನಶೂರ ಅರಸರ ಹೆಸರುಗಳನ್ನು ಇಟ್ಟಿದ್ದಾರೆ. ಉಸಿರು ಹತ್ತುವ ಹೊತ್ತಿಗೆ ಸರಿಯಾಗಿ ಒಬ್ಬ ಕವಿಯ ಹೆಸರನ್ನು ಓದುವ ನೆಪದಲ್ಲಿ ನಿಲ್ಲಬಹುದಾದ ಈ ಏರ್ಪಾಟನ್ನು ಯಾರು ಮಾಡಿದರೋ, ಅವರು ಸೈಕಲ್ ಸವಾರರ ಮೇಲೆ ದಯೆಯುಳ್ಳವರೇ ಇರಬೇಕು. ಏರಬೇಕಾದುದು ಆರುನೂರು ಮೀಟರಿನಷ್ಟು, ಎಂದರೆ ಪರಂಗಿಮಲೈಯನ್ನು ಎಂಟು ಸಲ ಏರಿದಷ್ಟು. ಒಂದೇ ಬೆಳಗ್ಗೆ ಆ ಗುಡ್ಡವನ್ನು ನಾಲ್ಕು ಸಲ ಏರಿಳಿದು ಮರುದಿನ ಎಂದಿನಂತೆ ಶಾಲೆಗೆ ಬರಬಲ್ಲವರು ಏಲಗಿರಿಯ ವಿಚಾರವನ್ನು ಮನೆಯಲ್ಲಿ ಪ್ರಸ್ತಾಪಿಸಬಹುದು. ಘಾಟಿಯಲ್ಲಿ ಬಸ್ಸುಗಳು ಓಡಾಡುವುದರಿಂದ ಹಿರಿಯರೊಬ್ಬರು ಜೊತೆಯಲ್ಲಿರಲೇಬೇಕು. ಜನವರಿ ತಿಂಗಳು ಪ್ರಶಸ್ತ. ಹೊರಡುವ ಮುನ್ನ ಬ್ರೇಕಿನ ತಂತಿಗಳನ್ನೂ ರಬ್ಬರುಗಳನ್ನೂ ಪರೀಕ್ಷಿಸಿ, ಒಂದು ಹೆಚ್ಚಿನ ಟ್ಯೂಬು, ಪಂಪು, ಎರಡು ಬಾಟಲಿ ನೀರು, ಬೆಲ್ಲ ಮತ್ತು ಕಡಲೆಯನ್ನು ಕಟ್ಟಿಕೊಳ್ಳಿರಿ. ಇಳಿಯುವಾಗ ಬ್ರೇಕುಗಳನ್ನು ಒಂದೇ ಸಮನೆ ಹಿಡಿದಿರದೆ, ಹಿಡಿದು ಬಿಟ್ಟು ಹಿಡಿದು ಬಿಟ್ಟು ಬರುತ್ತ, ನಡುನಡುವೆ ನಿಂತು ಅವು ತಣ್ಣಗಾಗುವವರೆಗೆ ಆ ಹೆಸರುಗಳನ್ನು ಇನ್ನೊಮ್ಮೆ ಓದಿಕೊಂಡು ಬನ್ನಿರಿ.